ಮುಗ್ಧತೆ ಬೇರೆ, ಅಮಾಯಕತೆ ಬೇರೆ

ಕನ್ನಡದ ಇಂದಿನ ಬಳಕೆಯಲ್ಲಿ ‘ಮುಗ್ಧ’ ಮತ್ತು ‘ಅಮಾಯಕ’ ಎಂಬ ಎರಡು ಮಾತುಗಳು ಒಂದರ ಜಾಗದಲ್ಲಿ ಇನ್ನೊಂದು ನಿಶ್ಚಿಂತೆಯಿಂದ ಕುಳಿತುಕೊಳ್ಳುತ್ತವೆ. ಬಡ್ಡಿ ವ್ಯಾಪಾರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ರೈತ ಪತ್ರಿಕೆಯ ಒಂದು ವಾಕ್ಯದಲ್ಲಿ ಮುಗ್ಧನಾಗಿರುತ್ತಾನೆ, ಮುಂದಿನ ವಾಕ್ಯದಲ್ಲಿ ಅಮಾಯಕನಾಗುತ್ತಾನೆ. ಸಾಹಿತ್ಯ ವಿಮರ್ಶೆಯೂ ಈ ವಿಷಯದಲ್ಲಿ ಪತ್ರಿಕೆಗಿಂತ ಹೆಚ್ಚಿನ ಎಚ್ಚರ ವಹಿಸಿದಂತೆ ಕಾಣುವುದಿಲ್ಲ. ಜನಪದ ಗೀತೆಯ ಮುಗ್ಧತೆ, ಶರಣರ ಮುಗ್ಧಭಕ್ತಿ, ಹಳ್ಳಿಯ ಹೆಣ್ಣಿನ ಮುಗ್ಧತೆ, ಮಗುವಿನ ಕಣ್ಣಿನ ಮುಗ್ಧತೆ ಎಂದು ಪದ ಬಿದ್ದೊಡನೆ ವಿವೇಚನೆ ಅಲ್ಲಿಗೆ ನಿಂತು ಮೆಚ್ಚುಗೆ ಆರಂಭವಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವವನನ್ನು ಕುರಿತು ಹೇಳುವ ವಿಮರ್ಶೆಯೇ ಬೆಳ್ಳಗಿರುವುದೆಲ್ಲವನ್ನೂ ಒಂದೇ ಪಾತ್ರೆಗೆ ಸುರಿದಂತಾಗಿದೆ.

ಎರಡೂ ಸಂಸ್ಕೃತದಿಂದ ಬಂದ ಮಾತುಗಳೇ, ಆದರೆ ಅವುಗಳ ತವರು ಬೇರೆ. ‘ಮುಗ್ಧ’ ಎಂಬುದು ‘ಮುಹ್’ ಧಾತುವಿನ ಕೃದಂತ. ಮೋಹ ಎಂಬುದು ಹುಟ್ಟಿದ್ದು ಇದೇ ಧಾತುವಿನಿಂದ. ವ್ಯಾಕರಣ ಈ ಧಾತುವಿಗೆ ಎರಡು ರೂಪಗಳನ್ನು ವಿಕಲ್ಪವಾಗಿ ಒಪ್ಪುತ್ತದೆ: ಒಂದು ಮುಗ್ಧ, ಇನ್ನೊಂದು ಮೂಢ. ಅಂದರೆ ಲೋಕವು ಮುದ್ದಿಸುವ ಮುಗ್ಧನೂ ಲೋಕವು ಹಳಿಯುವ ಮೂಢನೂ ಒಂದೇ ಬಸಿರಿನ ಅವಳಿಗಳು. ‘ಅಮಾಯಕ’ನ ವಂಶ ಇದಲ್ಲ. ಮಾಯೆ ಇಲ್ಲದವನು ಅಮಾಯಕ. ಇಲ್ಲಿ ಮಾಯೆಯೆಂದರೆ ವೇದಾಂತಿಗಳ ಜಗನ್ಮಾಯೆಯಲ್ಲ, ಒಳಗೊಂದು ಹೊರಗೊಂದು ಇರುವ ಕಪಟ. ಜೈನ ಪರಿಭಾಷೆಯಲ್ಲಿ ಕ್ರೋಧ, ಮಾನ, ಲೋಭಗಳ ಜೊತೆಗೆ ಎಣಿಸುವ ನಾಲ್ಕನೆಯ ಕಷಾಯವೇ ಈ ಮಾಯೆ. ಅದರ ಪ್ರತಿಪಕ್ಷವಾಗಿ ದಶಲಕ್ಷಣ ಧರ್ಮದಲ್ಲಿ ಬರುವುದು ಆರ್ಜವ, ಎಂದರೆ ನೇರತನ.

ಈ ಭೇದವನ್ನು ಶಾಸ್ತ್ರದ ಕೂದಲು ಸೀಳುವಿಕೆ ಎಂದು ತಳ್ಳಿಹಾಕುವ ಮುನ್ನ ಕರ್ಮಸಿದ್ಧಾಂತದ ಒಂದು ಏರ್ಪಾಟನ್ನು ಗಮನಿಸಬೇಕು. ಎಂಟು ಕರ್ಮಗಳಲ್ಲಿ ಮೋಹನೀಯವನ್ನು ಅರಸನೆಂದು ಕರೆಯುವ ವಾಡಿಕೆಯಿದೆ. ಅದರಲ್ಲಿ ಎರಡು ಬಗೆ. ಇದ್ದುದನ್ನು ಇದ್ದಂತೆ ಕಾಣಗೊಡದಿರುವುದು ದರ್ಶನ ಮೋಹನೀಯ. ಕಂಡರೂ ಅದರಂತೆ ನಡೆಯಗೊಡದಿರುವುದು ಚಾರಿತ್ರ ಮೋಹನೀಯ. ಕಪಟವೆಂಬ ಮಾಯೆ ಈ ಎರಡನೆಯ ಬಗೆಗೆ ಸೇರಿದ್ದು. ಕಾಣಲಾರದ ಮೂಢನೂ ಕಪಟಿಯಾದ ಜಾಣನೂ ಒಬ್ಬನೇ ಅರಸನ ಪ್ರಜೆಗಳು! ಲೋಕವ್ಯವಹಾರದಲ್ಲಿ ಮುಗ್ಧನ ವಿರುದ್ಧ ಪದವಾಗಿ ಜಾಣನನ್ನು ನಿಲ್ಲಿಸುತ್ತೇವೆ. ಶಾಸ್ತ್ರಕಾರರು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಎದುರಿಗೆ ಮೂರನೆಯವನೊಬ್ಬನನ್ನು ನಿಲ್ಲಿಸಿದರು. ಅವನು ತಿಳಿದವನು, ಆದರೂ ನೇರವಾದವನು.

ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಮೂರು ಮೂಢತೆಗಳನ್ನು ಹೆಸರಿಸುತ್ತದೆ: ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಕ್ಕೆ ಅಮೂಢದೃಷ್ಟಿ ಎಂದೇ ಹೆಸರು, ಅದಕ್ಕೆ ನಿದರ್ಶನ ರೇವತಿ ರಾಣಿ. ಮಥುರೆಗೆ ಬಂದ ವಿದ್ಯಾಧರನೊಬ್ಬ ತನ್ನ ವಿದ್ಯೆಯಿಂದ ಊರಿನ ಒಂದೊಂದು ದಿಕ್ಕಿನಲ್ಲಿ ಒಂದೊಂದು ದೇವರ ರೂಪವನ್ನು ತೋರಿಸುತ್ತಾನೆ. ಊರಿಗೆ ಊರೇ ನೆರೆಯುತ್ತದೆ. ರೇವತಿ ಕದಲುವುದಿಲ್ಲ. ಕೊನೆಗೆ ಅವನು ಸಮವಸರಣ ಸಹಿತನಾದ ತೀರ್ಥಂಕರನಾಗಿಯೇ ತೋರಿಕೊಳ್ಳುತ್ತಾನೆ. ಜಿನಭಕ್ತೆಯಾದ ರಾಣಿ ಈಗಲಾದರೂ ಓಡಿಬರಬೇಕಲ್ಲವೆ? ಬರುವುದಿಲ್ಲ. ತೀರ್ಥಂಕರರು 24 ಮಂದಿ, ಅವರೆಲ್ಲರೂ ಆಗಿಹೋದರು, 25ನೆಯವನು ಎಲ್ಲಿಂದ ಬಂದಾನು ಎಂಬುದು ಅವಳ ಲೆಕ್ಕ. ಇಷ್ಟು ಸರಳವಾದ ಗಣಿತದಿಂದ ಭಕ್ತಿಯನ್ನು ಕಾಪಾಡಿಕೊಂಡ ಹೆಣ್ಣು ಭಾರತೀಯ ಕಥಾಸಾಹಿತ್ಯದಲ್ಲಿ ವಿರಳ. ಸ್ವಂತ ಮತದ ಸೋಗು ಹಾಕಿ ಬಂದ ಮೋಸವನ್ನೂ ಅವಳು ಗುರುತಿಸಿದಳು ಎಂಬುದು ಕಥೆಯ ನಿಜವಾದ ಮೊನೆ. 1112ರಲ್ಲಿ ಮುಳುಗುಂದದಲ್ಲಿ ನಯಸೇನ ‘ಧರ್ಮಾಮೃತ’ವನ್ನು ಬರೆದಾಗ ಸಮ್ಯಗ್ದರ್ಶನದ ಒಂದೊಂದು ಅಂಗಕ್ಕೂ ಒಂದೊಂದು ಕಥೆಯನ್ನು ಮೀಸಲಿಟ್ಟದ್ದು ಇದೇ ಪರಂಪರೆಯ ಮುಂದುವರಿಕೆ.

ಕಾವ್ಯಶಾಸ್ತ್ರದ ಮುಗ್ಧೆ ಈ ರೇವತಿಯ ಪಕ್ಕದಲ್ಲಿ ನಿಂತರೆ ಅಂತರ ಢಾಳಾಗಿ ಕಾಣುತ್ತದೆ. ಧನಂಜಯನ ‘ದಶರೂಪಕ’ ಸ್ವೀಯಾ ನಾಯಿಕೆಯನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ವಿಂಗಡಿಸುತ್ತದೆ. ಮುಗ್ಧೆಯ ಚೆಲುವು ಇರುವುದು ಅವಳ ಅರಿಯದಿರುವಿಕೆಯಲ್ಲಿ. ಆದರೆ ಆ ಚೆಲುವನ್ನು ಸವಿಯುವವನು ಬೇರೊಬ್ಬ. ತನ್ನನ್ನು ತಾನು ಮುಗ್ಧೆಯೆಂದು ಅರಿತವಳು ಆ ಕ್ಷಣದಿಂದ ಮುಗ್ಧೆಯಾಗಿ ಉಳಿಯುವುದಿಲ್ಲ. ಆದ್ದರಿಂದ ಮುಗ್ಧತೆ ಎಂಬುದು ಯಾವಾಗಲೂ ಇನ್ನೊಬ್ಬರು ಕೊಡುವ ಬಿರುದು, ಕೊಡುವವರು ಸಾಮಾನ್ಯವಾಗಿ ಹೆಚ್ಚು ತಿಳಿದವರು. ಆ ಬಿರುದಿನಿಂದ ಯಾರಿಗೆ ಏನು ಲಾಭ ಎಂಬ ಪ್ರಶ್ನೆಯನ್ನು ಕನ್ನಡದ ಒಂದು ಹಳೆಯ ಕಥೆ ಬಹಳ ಹಿಂದೆಯೇ ಕೇಳಿಬಿಟ್ಟಿದೆ.

‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ಉಜ್ಜಯಿನಿಯ ಶ್ರೀಮಂತ ಸೆಟ್ಟಿಯ ಹೆಂಡತಿ ಯಶೋಭದ್ರೆಗೆ ಬಹುಕಾಲದ ಹಂಬಲದ ಮೇಲೆ ಹುಟ್ಟುವ ಮಗ ಅವನು. ಮಗನ ಮುಖ ಕಂಡೊಡನೆ ಗಂಡ ತಪಸ್ಸಿಗೆ ಹೊರಟುಹೋದ. ಋಷಿಯೊಬ್ಬನನ್ನು ಕಂಡ ದಿನ ಮಗನೂ ಹೊರಡುವನೆಂಬ ಭವಿಷ್ಯ ತಾಯಿಯ ಕಿವಿಯಲ್ಲಿದೆ. ಅವಳು ಮನೆಯೊಳಗೆ ಋಷಿಗಳ ನೆರಳು ಬೀಳದಂತೆ ಕಾವಲಿಡುತ್ತಾಳೆ, ಮಾಡಗಳನ್ನು ಕಟ್ಟಿಸುತ್ತಾಳೆ, 32 ಕನ್ಯೆಯರನ್ನು ತಂದು ಮದುವೆ ಮಾಡುತ್ತಾಳೆ. ಮಗನಿಗೆ ಬಿಸಿಲು ಗೊತ್ತಿಲ್ಲ, ಬೀದಿ ಗೊತ್ತಿಲ್ಲ. ಬೆಳಕೆಂದರೆ ಮಾಣಿಕ್ಯದ ಬೆಳಕು.

ಒಮ್ಮೆ ಊರಿಗೆ ರತ್ನಕಂಬಳ ಮಾರಲು ವ್ಯಾಪಾರಿಯೊಬ್ಬ ಬರುತ್ತಾನೆ. ಅರಸನಿಗೇ ಕೊಳ್ಳಲಾಗದ ಬೆಲೆ. ಯಶೋಭದ್ರೆ ಕೊಂಡು, ಕತ್ತರಿಸಿ, ಸೊಸೆಯರಿಗೆ ಕೆರ ಮಾಡಿಸುತ್ತಾಳೆ. ಅವುಗಳಲ್ಲಿ ಒಂದನ್ನು ಹಕ್ಕಿಯೊಂದು ಮಾಂಸವೆಂದು ಕಚ್ಚಿಕೊಂಡು ಹೋಗಿ ಬೀಳಿಸಿದಾಗ ಸಂಗತಿ ಅರಮನೆಗೆ ತಿಳಿಯುತ್ತದೆ. ಇಂಥ ಸಿರಿವಂತನನ್ನು ನೋಡಬೇಕೆಂದು ಅರಸನೇ ಬರುತ್ತಾನೆ. ಆರತಿಯ ದೀಪಕ್ಕೆ ಸುಕುಮಾರನ ಕಣ್ಣಲ್ಲಿ ನೀರು ಬರುತ್ತದೆ. ತಲೆಯ ಮೇಲೆ ತಳಿದ ಬಿಳಿಸಾಸಿವೆ ಆಸನದ ಮೇಲೆ ಬಿದ್ದು ಒತ್ತಿ, ಕುಳಿತಲ್ಲಿ ಕುಳಿತಿರಲಾರದೆ ಮಿಸುಕಾಡುತ್ತಾನೆ. ಊಟದಲ್ಲಿ ಕೆಲವು ಅಗುಳನ್ನು ನುಂಗಿ ಕೆಲವನ್ನು ಉಗುಳುತ್ತಾನೆ, ಕಮಲದ ಕಂಪು ಹತ್ತಿದ ಅಕ್ಕಿಯ ಜೊತೆ ಬೇರೆ ಅಕ್ಕಿ ಬೆರೆತಿತ್ತೆಂಬ ಕಾರಣಕ್ಕೆ. ಅರಸ ಇದನ್ನೆಲ್ಲ ನೋಡಿ ಇವನಿಗೆ ಏನೇನೋ ರೋಗಗಳಿವೆ ಎಂದುಕೊಳ್ಳುತ್ತಾನೆ. ತಾಯಿ, ಅದು ರೋಗವಲ್ಲ ಎಂದು ಒಂದೊಂದನ್ನೂ ವಿವರಿಸುತ್ತಾಳೆ.

ಈ ದೃಶ್ಯವನ್ನು ಓದುಗರು ಸಾಮಾನ್ಯವಾಗಿ ಐಶ್ವರ್ಯದ ಉತ್ಪ್ರೇಕ್ಷೆಯೆಂದು ನಕ್ಕು ದಾಟಿಬಿಡುತ್ತಾರೆ. ಅದು ಅಷ್ಟು ಹಗುರವಾದುದಲ್ಲ. ಒಂದೇ ಮೈಯನ್ನು ಇಬ್ಬರು ಓದುತ್ತಿದ್ದಾರೆ. ಹೊರಗಿನವನ ಕಣ್ಣಿಗೆ ಅದು ಕಾಯಿಲೆ, ಕಟ್ಟಿದವಳ ಕಣ್ಣಿಗೆ ಸೌಕುಮಾರ್ಯ. ಸುಕುಮಾರನ ಮುಗ್ಧತೆ ಪ್ರಕೃತಿದತ್ತವಲ್ಲ ಎಂಬುದನ್ನು ಕಥೆಗಾರ ಒಂದೊಂದು ವಿವರದಿಂದಲೂ ತೋರಿಸುತ್ತಾನೆ. ಅದಕ್ಕೆ ಗೋಡೆ ಬೇಕು, ಕಾವಲು ಬೇಕು, ಅರಸನ ಬೊಕ್ಕಸವನ್ನು ಮೀರಿದ ಹಣ ಬೇಕು. ಎಲ್ಲಕ್ಕಿಂತ ಮೊದಲು ಒಬ್ಬರ ಭಯ ಬೇಕು. ಯಶೋಭದ್ರೆಯನ್ನು ಕಥೆ ಕ್ರೂರಿಯೆಂದು ಚಿತ್ರಿಸುವುದಿಲ್ಲ. ಗಂಡನನ್ನು ಒಂದು ನೋಟಕ್ಕೆ ಕಳೆದುಕೊಂಡ ಹೆಂಗಸು ಅವಳು, ಅವಳ ಅಂಜಿಕೆಗೆ ಕಾರಣವಿದೆ. ಆದರೂ ಅವಳ ಪ್ರೀತಿ ಮಗನಿಗೆ ಕೊಟ್ಟದ್ದು ಅರಿಯದಿರುವಿಕೆಯನ್ನು.

ಮುಂದಿನದು ಎಲ್ಲರಿಗೂ ತಿಳಿದ ಭಾಗ. ಸಮೀಪದಲ್ಲಿ ತಂಗಿದ್ದ ಮುನಿಯೊಬ್ಬ ರಾತ್ರಿ ಅಚ್ಯುತಕಲ್ಪದ ವರ್ಣನೆಯನ್ನು ಪಾರಾಯಣ ಮಾಡುತ್ತಿರುವುದು ಸುಕುಮಾರನ ಕಿವಿಗೆ ಬೀಳುತ್ತದೆ. ಕಣ್ಣಿನ ದಾರಿಗೆಲ್ಲ ಕಾವಲಿಟ್ಟ ತಾಯಿ ಕಿವಿಯ ದಾರಿಯನ್ನು ಮರೆತಿದ್ದಳು. ಕೇಳುತ್ತಿದ್ದಂತೆ ಹಿಂದಿನ ಜನ್ಮದಲ್ಲಿ ತಾನು ಅಲ್ಲಿದ್ದುದು ನೆನಪಾಗುತ್ತದೆ. ಬಟ್ಟೆಗಳನ್ನು ಗಂಟು ಹಾಕಿ ಇಳಿಬಿಟ್ಟು ಮಾಡದಿಂದ ಇಳಿಯುತ್ತಾನೆ. ಉಳಿದಿರುವ ಆಯುಷ್ಯ ಮೂರು ದಿನವೆಂದು ಮುನಿಯಿಂದ ತಿಳಿದು ದೀಕ್ಷೆ ಪಡೆಯುತ್ತಾನೆ. ನಡೆದ ದಾರಿಯುದ್ದಕ್ಕೂ ಅಂಗಾಲಿನಿಂದ ನೆತ್ತರು. ಆ ಜಾಡು ಹಿಡಿದು ಬಂದ ನರಿ ಮರಿಗಳೊಡನೆ ಅವನ ಕಾಲಿನಿಂದ ತಿನ್ನಲಾರಂಭಿಸುತ್ತದೆ. ಅವನು ಕದಲುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸದೆ ಹೋದರೆ ಕಥೆ ಕೈತಪ್ಪುತ್ತದೆ. ದೀಕ್ಷೆಯ ಮಹಿಮೆಯಿಂದ ಸುಕುಮಾರನ ಪಾದಗಳು ಗಟ್ಟಿಯಾದವೆಂದು ಕಥೆಗಾರ ಹೇಳಬಹುದಿತ್ತು, ಪವಾಡಕಥೆಗಳಲ್ಲಿ ಅದು ಕಷ್ಟದ ಕೆಲಸವೇನೂ ಅಲ್ಲ. ಹಾಗೆ ಹೇಳಲಿಲ್ಲ. ಸಾಸಿವೆಗೆ ನೊಂದ ಮೈಯೇ ನರಿಯ ಹಲ್ಲಿಗೂ ಸಿಕ್ಕಿತು. ಸೌಕುಮಾರ್ಯ ಹಾಗೆಯೇ ಉಳಿಯಿತು, ಹೋದದ್ದು ಅರಿಯದಿರುವಿಕೆ ಮಾತ್ರ. ಮೃದುತ್ವವನ್ನು ಉಳಿಸಿಕೊಳ್ಳಬೇಕಾದರೆ ಅಜ್ಞಾನವನ್ನೂ ಉಳಿಸಿಕೊಳ್ಳಬೇಕೆಂದು ಯಶೋಭದ್ರೆ ನಂಬಿದ್ದಳು. ಇಂದಿಗೂ ಬಹಳ ತಾಯ್ತಂದೆಯರು, ಬಹಳ ಸಂಸ್ಕೃತಿಚಿಂತಕರು ಅದನ್ನೇ ನಂಬುತ್ತಾರೆ. ಶಾಂತಿನಾಥ 1068ರಲ್ಲಿ ಇದೇ ವಸ್ತುವನ್ನು ‘ಸುಕುಮಾರಚರಿತೆ’ಯೆಂಬ ಚಂಪುವಾಗಿಸಿದ, ಒಂದೇ ಕಥೆಗೆ ಕನ್ನಡ ಎರಡು ಬಾರಿ ಮರಳಿದ್ದಕ್ಕೆ ಮತಶ್ರದ್ಧೆಯೊಂದೇ ಕಾರಣವಾಗಿರಲಾರದು.

ಇದೇ ಕಥೆಯ ಒಳಗೆ ಇನ್ನೊಂದು ಮಗುವಿದೆ. ಸುಕುಮಾರನ ಹಿಂದಿನ ಜನ್ಮವೊಂದರಲ್ಲಿ ಅವನು ನಾಗಶ್ರೀ ಎಂಬ ಬ್ರಾಹ್ಮಣ ಹುಡುಗಿ. ನಾಗಪೂಜೆಗೆ ಹೋದವಳು ಮುನಿಗಳಿಂದ ಐದು ಅಣುವ್ರತಗಳನ್ನು ಪಡೆದು ಬರುತ್ತಾಳೆ. ತಂದೆ ನಾಗಶರ್ಮ ಸಿಟ್ಟಾಗಿ, ಆ ವ್ರತಗಳನ್ನು ಕೊಟ್ಟವರಿಗೇ ಹಿಂದಿರುಗಿಸಿ ಬರೋಣವೆಂದು ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಶಿಕ್ಷೆಗೆ ಒಳಗಾದ ಅಪರಾಧಿಗಳು ಒಬ್ಬರಾದ ಮೇಲೊಬ್ಬರು ಎದುರಾಗುತ್ತಾರೆ: ಕೊಂದವನು, ಸುಳ್ಳಾಡಿದವನು, ಕದ್ದವನು, ಹೀಗೆ. ಒಬ್ಬೊಬ್ಬರನ್ನು ಕಂಡಾಗಲೂ ಹುಡುಗಿ ಅಪ್ಪನನ್ನು ಕೇಳುತ್ತಾಳೆ, ಇವನು ಏನು ಮಾಡಿದ ಎಂದು. ಉತ್ತರ ಕೇಳಿ, ಅದನ್ನು ಮಾಡಬಾರದೆಂಬುದೇ ತಾನು ಪಡೆದ ವ್ರತವಲ್ಲವೆ, ಅದನ್ನೂ ಹಿಂದಿರುಗಿಸಬೇಕೆ ಎನ್ನುತ್ತಾಳೆ. ಅದೊಂದನ್ನು ಇಟ್ಟುಕೋ, ಉಳಿದವನ್ನು ಕೊಡೋಣ ಎಂದು ಅಪ್ಪ ಹೆಜ್ಜೆ ಹೆಜ್ಜೆಗೂ ಹಿಂದೆ ಸರಿಯುತ್ತಾನೆ. ಊರಿನ ಯಾವ ಅಜ್ಜಿಯೂ ಈ ಹುಡುಗಿಯನ್ನು ‘ಪಾಪ, ಮುಗ್ಧೆ’ ಎನ್ನಬಹುದು. ಆದರೆ ಅವಳು ತಿಳಿಯದೆ ಕೇಳುತ್ತಿಲ್ಲ. ವ್ರತವೆಂಬ ಮಾತಿಗೂ ಬೀದಿಯಲ್ಲಿ ಕಂಡ ಸಂಗತಿಗೂ ನಡುವೆ ಅಪ್ಪ ಇಟ್ಟುಕೊಂಡಿರುವ ಅಂತರ ಅವಳಲ್ಲಿಲ್ಲ, ಅಷ್ಟೆ. ಅಮಾಯಕತೆಯೆಂದರೆ ಇದು.

ಈ ಬೆಳಕಿನಲ್ಲಿ ಕೋಳೂರು ಕೊಡಗೂಸಿನ ಕಥೆಗೆ ಬಂದರೆ ‘ಮುಗ್ಧಭಕ್ತಿ’ಯೆಂಬ ಹಣೆಪಟ್ಟಿ ಅದಕ್ಕೆ ಎಷ್ಟು ಸಾಲದೆಂಬುದು ತಿಳಿಯುತ್ತದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಮುಗ್ಧಭಕ್ತರ ಒಂದು ಸಾಲನ್ನೇ ಕೊಡುತ್ತದೆ: ವಿಷ ಕುಡಿದ ಶಿವನಿಗೆ ಏನಾಯಿತೋ ಎಂದು ತಲ್ಲಣಿಸುವ ರುದ್ರಪಶುಪತಿ, ತಾಯಿಯಿಲ್ಲದ ಶಿವನಿಗೆ ತಾಯಾಗುವ ಬೆಜ್ಜಮಹಾದೇವಿ, ಕಣ್ಣು ಕಿತ್ತುಕೊಡುವ ಕಣ್ಣಪ್ಪ, ಹಾಲು ಕುಡಿಸುವ ಕೊಡಗೂಸು. ಭೀಮಕವಿ 1369ರಲ್ಲಿ ಇದನ್ನು ಕನ್ನಡಕ್ಕೆ ತಂದ. ಊರಿಗೆ ಹೋಗುವ ತಂದೆ ದೇವರಿಗೆ ಹಾಲನ್ನು ಅರ್ಪಿಸೆಂದು ಮಗಳಿಗೆ ಹೇಳಿದ. ಅವಳು ಹಾಲು ಒಯ್ದಳು, ದೇವರು ಕುಡಿಯಲಿಲ್ಲ, ತಲೆ ಚಚ್ಚಿಕೊಳ್ಳಲು ಹೊರಟಳು, ದೇವರು ಕುಡಿದ. ಹಿಂದಿರುಗಿದ ತಂದೆ ನಂಬಲಿಲ್ಲ. ಹಾಲು ಏನಾಯಿತೆಂದು ಗದರಿಸಿದ.

ಮಗುವಿಗೆ ಕಲ್ಲಿಗೂ ದೇವರಿಗೂ ವ್ಯತ್ಯಾಸ ತಿಳಿಯದು, ಆದ್ದರಿಂದ ಅವಳು ಮುಗ್ಧೆ ಎಂಬುದು ರೂಢಿಯ ಓದು. ಆದರೆ ಕಥೆಯಲ್ಲಿ ವಿಚಾರಣೆಗೆ ಒಳಗಾಗಬೇಕಾದವನು ತಂದೆ. ದಿನವೂ ಹಾಲಿಟ್ಟು ದೇವರು ಕುಡಿದನೆಂದು ಹೇಳುತ್ತ, ಕುಡಿಯುವುದಿಲ್ಲವೆಂದು ಒಳಗೇ ತಿಳಿದಿದ್ದವನು ಅವನು. ಮಗಳು ಮಾಡಿದ್ದು ಅವನ ಮಾತನ್ನು ಮಾತಾಗಿ ತೆಗೆದುಕೊಂಡದ್ದು. ಕೊನೆಯಲ್ಲಿ ಲಿಂಗದೊಳಗೆ ಸೇರಿಹೋಗುತ್ತಿರುವ ಮಗಳ ಕೂದಲಷ್ಟೇ ತಂದೆಯ ಕೈಗೆ ಸಿಗುತ್ತದೆ. ಎರಡು ಮನಸ್ಸಿನಿಂದ ಪೂಜೆ ಮಾಡುತ್ತಿದ್ದವನಿಗೆ ಉಳಿದ ಪ್ರಸಾದ ಅದು. ಸಮಂತಭದ್ರರ ಅನುಯಾಯಿಯೊಬ್ಬ ಈ ಕಥೆಯಲ್ಲಿ ದೇವಮೂಢತೆಯನ್ನು ಕಂಡಾನು, ಅದನ್ನು ಮರೆಮಾಚಬೇಕಾಗಿಲ್ಲ. ಜೈನ ಕವಿ ಈ ಕಥೆಯನ್ನು ಬರೆಯುತ್ತಿರಲಿಲ್ಲ. ಆದರೂ ಮಾಯೆಯನ್ನು ಮೂಢತೆಯಿಂದ ಬೇರ್ಪಡಿಸಿದ ಜೈನ ವಿವೇಕವೇ ಈ ಶೈವಕಥೆಯ ಒಳಬಾಗಿಲನ್ನು ತೆರೆಯುತ್ತದೆ ಎನ್ನುವುದು ಸ್ವಾರಸ್ಯದ ಸಂಗತಿ.

ಇದಕ್ಕೆ ತಿರುಗುಮುರುಗಾದದ್ದು ಜನ್ನನ ‘ಯಶೋಧರ ಚರಿತೆ’ (1209). ಅಲ್ಲಿ ಮುಗ್ಧತೆಯ ಸೋಗಿದೆ. ಪ್ರಾಣಿಬಲಿ ಕೊಡಲೊಲ್ಲದ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯವನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಹಿಟ್ಟಿಗೆ ಪ್ರಾಣವಿಲ್ಲ, ಆದ್ದರಿಂದ ಪಾಪವಿಲ್ಲ! ಕತ್ತಿ ತಗುಲಿದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಕನ್ನಡ ಕಾವ್ಯದಲ್ಲಿ ಅದಕ್ಕಿಂತ ಭಯಾನಕವಾದ ಸದ್ದು ಬಹಳ ಇಲ್ಲ. ಕೊಲ್ಲುವ ಸಂಕಲ್ಪವನ್ನು ಉಳಿಸಿಕೊಂಡು ಕೊಲೆಯನ್ನು ಮಾತ್ರ ಬಿಟ್ಟವನ ಮೇಲೆ ಕಾವ್ಯ ಯಾವ ದಯೆಯನ್ನೂ ತೋರುವುದಿಲ್ಲ. ಅವನು ನವಿಲಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ ಹುಟ್ಟುತ್ತಾನೆ. ತತ್ತ್ವಾರ್ಥಸೂತ್ರ ತಿರ್ಯಗ್ಜನ್ಮದ ಆಯುಸ್ಸಿಗೆ ಮಾಯೆಯನ್ನೇ ಕಾರಣವಾಗಿ ಹೇಳುವುದನ್ನು ಇಲ್ಲಿ ನೆನೆಯಬಹುದು. ಕೊನೆಗೆ ತಾಯಿಮಗ ಇಬ್ಬರೂ ಅಭಯರುಚಿ, ಅಭಯಮತಿಯರೆಂಬ ಅಣ್ಣತಂಗಿಯರಾಗಿ ಮಾರಿದತ್ತನ ಬಲಿಗಂಬದ ಮುಂದೆ ನಿಲ್ಲುತ್ತಾರೆ. ಎಳೆಯ ಮಕ್ಕಳು ಕತ್ತಿಯ ಮುಂದೆ ಅಂಜದಿರುವುದನ್ನು ಕಂಡು ಅರಸ ಬೆರಗಾಗುತ್ತಾನೆ. ಮಕ್ಕಳು ಅಪಾಯ ಅರಿಯದೆ ನಿರ್ಭಯರಾಗಿರುವುದನ್ನು ನಾವು ನಿತ್ಯ ಕಾಣುತ್ತೇವೆ. ಈ ಮಕ್ಕಳು ನಿರ್ಭಯರಾಗಿರುವುದು ಎಲ್ಲವನ್ನೂ ಅರಿತು. ಕೋಳಿಯಾಗಿ ಸತ್ತದ್ದು ಏನೆಂದು ಅವರಿಗೆ ನೆನಪಿದೆ.

ಕಲೆಯ ಲೋಕದಲ್ಲಿ ಮುಗ್ಧತೆಗೆ ಸಿದ್ಧಾಂತದ ಪೀಠ ಕೊಟ್ಟವನು ಜರ್ಮನಿಯ ಷಿಲ್ಲರ್. 1795-96ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು ಕವಿಗಳನ್ನು ಎರಡು ಪಂಗಡ ಮಾಡಿ, ನಿಸರ್ಗವೇ ತಾನಾಗಿರುವವರನ್ನು ಮುಗ್ಧರೆಂದೂ, ಕಳೆದುಹೋದ ನಿಸರ್ಗವನ್ನು ಅರಸುವವರನ್ನು ಭಾವುಕರೆಂದೂ ಕರೆದ. ಹೋಮರ್, ಷೇಕ್ಸ್‌ಪಿಯರರು ಮೊದಲ ಪಂಗಡಕ್ಕೆ ಸೇರಿದರು. ಷೇಕ್ಸ್‌ಪಿಯರ್‌ನಂಥವನನ್ನು ಯಾವ ಅರ್ಥದಲ್ಲಿಯೇ ಆಗಲಿ ಮುಗ್ಧನೆನ್ನಲು ಬರುವುದಾದರೆ ಆ ಪದ ಅರಿಯದಿರುವಿಕೆಯನ್ನು ಸೂಚಿಸುತ್ತಿಲ್ಲವೆಂಬುದು ಸ್ಪಷ್ಟ. ತನ್ನ ಕಡೆಗೆ ತಿರುಗಿ ನೋಡಿಕೊಳ್ಳದೆ ವಸ್ತುವಿನ ಮೇಲೆ ಇಟ್ಟ ನೇರದೃಷ್ಟಿಯನ್ನು ಅದು ಹೇಳುತ್ತಿದೆ. ಆರ್ಜವವೆಂಬ ಮಾತು ಷಿಲ್ಲರ್‌ನ ಕೈಗೆ ಸಿಕ್ಕಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು.

ಷಿಲ್ಲರ್‌ನ ಅನಂತರ ಆ ಪದ ಇಳಿದ ಇಳಿಜಾರಿಗೆ ಫ್ರಾನ್ಸಿನ ಹೆನ್ರಿ ರೂಸೋನ ಬದುಕು ಸಾಕ್ಷಿ. 1844ರಲ್ಲಿ ಹುಟ್ಟಿ 1910ರಲ್ಲಿ ತೀರಿಕೊಂಡ ಈ ಚಿತ್ರಕಾರ ಬಹುಕಾಲ ಪ್ಯಾರಿಸ್ಸಿನ ಸುಂಕದ ಕಟ್ಟೆಯಲ್ಲಿ ನೌಕರನಾಗಿದ್ದ. ಅಕಾಡೆಮಿಯ ದೊಡ್ಡ ಚಿತ್ರಕಾರರಂತೆ ಬಿಡಿಸಬೇಕೆಂಬುದೇ ಅವನ ಪ್ರಾಮಾಣಿಕ ಆಸೆ. ಫ್ರಾನ್ಸನ್ನು ಬಿಟ್ಟು ಹೋಗದ ಅವನು ದಟ್ಟ ಕಾಡುಗಳನ್ನು ಬಿಡಿಸಿದ್ದು ಪ್ಯಾರಿಸ್ಸಿನ ಸಸ್ಯೋದ್ಯಾನದ ಗಿಡಗಳನ್ನು ನೋಡಿ ನೋಡಿ. ಎಲೆಯ ಮೇಲೆ ಎಲೆ ಜೋಡಿಸುವ ಆ ತಾಳ್ಮೆಯನ್ನು ನೋಡದೆ ಜನ ಅವನನ್ನು ಮುಗ್ಧನೆಂದರು. 1908ರಲ್ಲಿ ಪಿಕಾಸೊ ಅವನಿಗೊಂದು ಔತಣ ಏರ್ಪಡಿಸಿದ. ಅದು ಗೌರವವೋ ಗೇಲಿಯೋ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಅದಕ್ಕಿಂತ ಅರ್ಥವತ್ತಾದದ್ದು 1909ರ ಒಂದು ಮೊಕದ್ದಮೆ. ಪರಿಚಿತನೊಬ್ಬನ ಮಾತು ನಂಬಿ ಬ್ಯಾಂಕ್ ವಂಚನೆಯೊಂದರಲ್ಲಿ ಸಿಕ್ಕಿಬಿದ್ದ ರೂಸೋನ ಪರವಾಗಿ ವಕೀಲ, ಈ ಮನುಷ್ಯ ಎಷ್ಟು ಮುಗ್ಧನೆಂದು ಸಾಧಿಸಲು ಅವನ ಚಿತ್ರಗಳನ್ನೇ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತೋರಿಸಿದ. ಶಿಕ್ಷೆ ಅಮಾನತಿನಲ್ಲಿ ಉಳಿಯಿತು. ಸೆರೆಮನೆ ತಪ್ಪಿಸಿಕೊಳ್ಳಲು ಒಬ್ಬ ಕಲಾವಿದ ತನ್ನ ಜೀವಮಾನದ ದುಡಿಮೆಯನ್ನು ಬುದ್ಧಿಯಿಲ್ಲದ್ದಕ್ಕೆ ಪುರಾವೆಯಾಗಿ ಒಪ್ಪಿಸಬೇಕಾಯಿತು. ಅದೇ ಚಿತ್ರಗಳು ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳ ಗೋಡೆಗಳ ಮೇಲಿವೆ.

ಆ ವಕೀಲನ ವಾದವನ್ನೇ ಕನ್ನಡ ವಿಮರ್ಶೆ ಬೇರೆ ರೀತಿಯಲ್ಲಿ ಮಂಡಿಸುತ್ತ ಬಂದಿದೆ. ಮಲೆ ಮಾದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡುವ ಕಂಸಾಳೆಯ ಗುಡ್ಡ, ದೀಕ್ಷೆ ಪಡೆದು, ಗುರುವಿನ ಹಿಂದೆ ತಿರುಗಿ, ತಾಳ, ವರಸೆ, ಕಥಾಭಾಗಗಳನ್ನು ವರ್ಷಗಟ್ಟಲೆ ಮೈಗೂಡಿಸಿಕೊಂಡವನು. ಅವನ ಹಾಡಿನ ಪುನರುಕ್ತಿಯಲ್ಲಿ ಒಂದು ವಾಸ್ತುಶಿಲ್ಪವಿದೆ. ಅದನ್ನು ‘ಜನಪದರ ಮುಗ್ಧ ಅಭಿವ್ಯಕ್ತಿ’ ಎಂದು ಕರೆದರೆ ಹೊಗಳಿದಂತೆ ಕೇಳಿಸುತ್ತದೆ. ಪಂಪನ ಬಗೆಗೆ ಯಾರೂ ಈ ಮಾತನ್ನು ಆಡುವುದಿಲ್ಲ. ಅಕ್ಷರ ಕಲಿತವನದು ಪ್ರತಿಭೆ, ಕಲಿಯದವನದು ಮುಗ್ಧತೆ ಎಂಬ ಈ ಹಂಚಿಕೆಯಲ್ಲಿ ಯಶೋಭದ್ರೆಯ ಗೋಡೆಯ ನೆರಳಿದೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ಒಂದು ರಾತ್ರಿ ಕುಳಿತು ಕದ್ದು ತಂದ ಕಡಲೆಕಾಯಿಯನ್ನು ತಿನ್ನುವ ಪ್ರಸಂಗವನ್ನೂ ಹಲವರು ಮುಗ್ಧ ಸಂಭ್ರಮವೆಂದು ಓದಿದ್ದಾರೆ. ಅವರು ತಿನ್ನುತ್ತಿರುವುದು ಯಾರದು, ಅದರ ಬೆನ್ನಿಗೆ ಏನು ಬರಬಹುದು ಎಂಬುದು ಆ ಮನೆಯ ಮಕ್ಕಳಿಗೂ ಗೊತ್ತು. ಅಣುವ್ರತದ ಲೆಕ್ಕದಲ್ಲಿ ಅದು ಕಳವೇ. ಆದರೆ ಆ ಗುಡಿಸಲಿನೊಳಗೆ ಪರಸ್ಪರ ಕಪಟವಿಲ್ಲ, ಹಸಿವನ್ನು ಬೇರೊ೦ದು ಹೆಸರಿನಿಂದ ಕರೆಯುವ ಹಿಟ್ಟಿನ ಕೋಳಿಯೂ ಇಲ್ಲ. ಪುಟ್ಟಗೌರಿ ಗೋಡೆಯ ಮೇಲೆ ಬಿಡಿಸುವ ನವಿಲನ್ನು ಕಾಣಬೇಕಾದರೆ ಅವಳನ್ನು ಮುಗ್ಧೆಯೆಂದು ಕರೆಯುವ ಆತುರವನ್ನು ಮೊದಲು ಬಿಡಬೇಕಾಗುತ್ತದೆ.

ಮಗುವಿನ ಅರಿಯದಿರುವಿಕೆಗೆ ಸಾಹಿತ್ಯದಲ್ಲಿ ಬೇರೆ ಕೆಲಸವೇ ಇಲ್ಲವೆಂದು ಇದರ ಅರ್ಥವಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ವಿಧವೆ ಯಮುನೆಯ ಬಸಿರು, ಅವಳ ಸಂಕಟ, ಊರು ಅವಳಿಗೆ ಮಾಡುವ ಅನ್ಯಾಯ ಎಲ್ಲವೂ ವೇದಪಾಠಕ್ಕೆ ಬಂದ ಹುಡುಗ ನಾಣಿಯ ಅರೆತಿಳಿವಳಿಕೆಯ ಮೂಲಕ ಬರುತ್ತದೆ. ಅಲ್ಲಿ ಹುಡುಗ ಅರಿಯದಿರುವುದನ್ನು ಓದುಗ ಅರಿಯಬೇಕಾಗುತ್ತದೆ. ನಾಣಿಯ ಪ್ರೀತಿ ನೇರವಾದದ್ದು, ಆದರೆ ಅವನ ತಿಳಿಯದಿರುವಿಕೆ ಯಮುನೆಯನ್ನು ಕಾಪಾಡಲಾರದು. ಕಥೆಯ ನೋವು ಇರುವುದು ಈ ಎರಡರ ನಡುವೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಇದನ್ನು ಚಿತ್ರವಾಗಿಸಿದಾಗಲೂ ಕ್ಯಾಮರಾ ಹುಡುಗನನ್ನು ಬಿಟ್ಟು ಹೆಚ್ಚು ದೂರ ಹೋಗಲಿಲ್ಲ.

ಜೈನ ಪರಂಪರೆ ತಿಳಿವಿಗೆ ಕೊಟ್ಟ ಮಹತ್ವವನ್ನು ಪಾಂಡಿತ್ಯಕ್ಕೆ ಕೊಟ್ಟ ಮಹತ್ವವೆಂದು ತಿಳಿಯುವವರು ಶಿವಭೂತಿಯನ್ನು ಮರೆತಿರುತ್ತಾರೆ. ಕುಂದಕುಂದರು ‘ಭಾವಪಾಹುಡ’ದಲ್ಲಿ ಹೆಸರಿಸುವ ಈ ಮುನಿಗೆ ಯಾವ ಪಾಠವೂ ತಲೆಗೆ ಹತ್ತುತ್ತಿರಲಿಲ್ಲ. ಸಿಟ್ಟಾಗಬೇಡ, ಹಿಗ್ಗಬೇಡ ಎಂಬ ಅರ್ಥದ ನಾಲ್ಕು ಅಕ್ಷರಗಳನ್ನು ಗುರು ಹೇಳಿಕೊಟ್ಟರೆ ಅದೂ ಬಾಯಲ್ಲಿ ‘ತುಷಮಾಷ’ವೆಂದು ತಿರುಚಿಕೊಂಡಿತು. ತುಷವೆಂದರೆ ಹೊಟ್ಟು, ಮಾಷವೆಂದರೆ ಉದ್ದು. ತನಗೆ ಪಾಠ ಬರುವುದಿಲ್ಲವೆಂಬುದನ್ನು ಅವನು ಯಾರಿಂದಲೂ ಮುಚ್ಚಿಡಲಿಲ್ಲ, ಬರುವವನಂತೆ ನಟಿಸಲೂ ಇಲ್ಲ, ತಪ್ಪಾದ ಮಾತನ್ನೇ ಹೇಳಿಕೊಂಡು ತಿರುಗಿದ. ಒಂದು ದಿನ ಹೆಂಗಸೊಬ್ಬಳು ನೆನೆಸಿದ ಉದ್ದನ್ನು ಉಜ್ಜಿ ಸಿಪ್ಪೆಯನ್ನು ನೀರಿನೊಡನೆ ಚೆಲ್ಲುತ್ತಿರುವುದು ಕಂಡಿತು. ಸಿಪ್ಪೆ ಬೇರೆ, ಕಾಳು ಬೇರೆ. ದೇಹ ಬೇರೆ, ಆತ್ಮ ಬೇರೆ. ಗ್ರಂಥಗಳನ್ನೆಲ್ಲ ಕಂಠಸ್ಥ ಮಾಡಿದವರು ನೋಡುತ್ತಿದ್ದಂತೆ ಅವನಿಗೆ ಕೇವಲಜ್ಞಾನವಾಯಿತು. ಉದ್ದು ತೊಳೆಯುತ್ತಿದ್ದ ಆ ಹೆಂಗಸು ಅಷ್ಟರಲ್ಲಿ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿದ್ದಿರಬೇಕು.